ಸೈಡರ್ ಸುರ್ ಅನ್ನಲಿ, ಬಾಟಲಿ ಢಂ ಅನ್ನದಿರಲಿ

ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಬಂತೆಂದರೆ, ಹಿತ್ತಲಲ್ಲಿ ಸೇಬಿನ ಮರ ಇರುವವರಿಗೆ ಉದುರಿದ ಹಣ್ಣನ್ನು ಏನು ಮಾಡುವುದು ಎಂಬುದೇ ಚಿಂತೆ. ಅಲ್ಲಿ ನೆಲೆಸಿದ ನಮ್ಮವರೂ ಕೆಲವರು ನೆರೆಯವರನ್ನು ನೋಡಿ ಸೈಡರಿಗೆ, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯಕ್ಕೆ, ಕೈ ಹಾಕುತ್ತಾರೆ. ಸ್ವಂತಕ್ಕೆ ಮಾಡಿಕೊಳ್ಳಲು ಅಲ್ಲಿ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವುದು ಅಪರಾಧ, ಹಾಗಾಗಿ ಇಲ್ಲಿಯವರು ಸುಮ್ನೆ ಓದಿಕೊಳ್ಳಿ.

ರಸ ಹುದುಗುವ ತನಕ ಕೆಲಸವೆಲ್ಲ ಯೀಸ್ಟಿನದು. ಬಾಟಲಿ ತುಂಬುವಾಗ ಮಾತ್ರ ನಾವು ಲೆಕ್ಕ ಹಾಕಬೇಕು.

ಮೊದಲು ಹುದುಗು ನಿಂತಿದೆಯೇ ನೋಡಿ. ಗುಳ್ಳೆ ಬರುತ್ತಿಲ್ಲ ಅಂತ ನಂಬಬೇಡಿ, ಚಳಿಗೆ ಯೀಸ್ಟ್ ಮಲಗಿರಬಹುದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ (ನೀರಿಗೆ ಅದು 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟೂ ಜಾಸ್ತಿ). 1.000 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು, ಎರಡು ಮೂರು ದಿನ ಬಿಟ್ಟು ನೋಡಿದರೂ ಅಷ್ಟೇ ಇರಬೇಕು. 1.005 ಇರುವಾಗಲೇ ತುಂಬಿದರೆ ಲೀಟರಿಗೆ 10 ಗ್ರಾಂಗೂ ಜಾಸ್ತಿ ಸಕ್ಕರೆ ಒಳಗೇ ಉಳಿದಿರುತ್ತದೆ. ಅದರ ಮೇಲೆ ಬಾಟಲಿಯಲ್ಲಿ ಗ್ಯಾಸ್ ಬರಲೆಂದು ನೀವು ಹಾಕುವ ಸಕ್ಕರೆ ಬೇರೆ. ಬಾಟಲಿ ಸಿಡಿಯುವುದು ಹೆಚ್ಚಾಗಿ ಈ ಆತುರಕ್ಕೇ.

ಈಗ ಸಕ್ಕರೆ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ 2 ಗ್ರಾಂ ಗ್ಯಾಸ್ ಬರುತ್ತದೆ. ಬಿಯರಿನಷ್ಟು ನೊರೆ ಬೇಕಿದ್ದರೆ ಲೀಟರಿಗೆ 6ರಿಂದ 7 ಗ್ರಾಂ ಸಾಕು. 20 ಲೀಟರಿಗೆ 130 ಗ್ರಾಂ ಅಂದುಕೊಳ್ಳಿ. ತಕ್ಕಡಿಯಲ್ಲೇ ತೂಗಿ, ಚಮಚದ ಲೆಕ್ಕ ಬೇಡ. 1662ರಲ್ಲಿ ಹೆರೆಫರ್ಡ್‌ಶೈರಿನ ಜಾನ್ ಬೀಲ್ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಬರಹದಲ್ಲಿ, ಸೈಡರ್ ಬಾಟಲಿಗೆ ಅಕ್ರೋಟಿನಷ್ಟು ಸಕ್ಕರೆ ಹಾಕುವ ಮಾತಿದೆ. ಆಗ ಕಲ್ಲಿದ್ದಲ ಕುಲುಮೆಯಲ್ಲಿ ಮಾಡಿದ ಇಂಗ್ಲಿಷ್ ಗಾಜು ಗಟ್ಟಿಯಾಗಿತ್ತು, ನಿಜ. ಆದರೂ ಅಕ್ರೋಟಿನಲ್ಲಿ ದೊಡ್ಡದು ಚಿಕ್ಕದು ಇರುತ್ತೆ ಅಲ್ವಾ?

ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಶುದ್ಧ ಮಾಡಿದ ಬಕೆಟ್ಟಿಗೆ ಸುರಿಯಿರಿ. ಅದರ ಮೇಲೆ ಸೈಫನ್ ಪೈಪಿನಿಂದ ಸೈಡರ್ ಇಳಿಸಿ. ಪೈಪಿನ ತುದಿ ಬಕೆಟ್ಟಿನ ತಳಕ್ಕೆ ತಾಗಿರಲಿ. ಎತ್ತರದಿಂದ ಬಿದ್ದರೆ ಗಾಳಿ ಸೇರಿ ಕೊನೆಗೆ ವಿನೆಗರ್ ಆದೀತು. ಇನ್ನೊಂದು ತುದಿ ಗಸಿಗಿಂತ ಮೇಲಿರಬೇಕು. ಮಂದ ಗಸಿ ಒಳಗೆ ಬರುವುದು ಕಂಡ ಕೂಡಲೇ ಪೈಪ್ ಎತ್ತಿಬಿಡಿ, ಅರ್ಧ ಲೀಟರ್ ಹೋದರೆ ಹೋಗಲಿ. ಮೆಲ್ಲಗೆ ಒಂದು ಸಲ ಕಲಕಿ.

ಸೈಡರ್ ತಿಳಿಯಾಗಿ ಕಂಡರೂ ಗ್ಯಾಸ್ ಮಾಡುವಷ್ಟು ಯೀಸ್ಟ್ ಅದರಲ್ಲಿ ಇದ್ದೇ ಇರುತ್ತದೆ. ಆದರೆ ಯೀಸ್ಟ್ ಬೆಳೆಯದಂತೆ ತಡೆಯುವ ಪೊಟ್ಯಾಸಿಯಂ ಸೋರ್ಬೇಟ್ ಹಾಕಿದ್ದರೆ ಗ್ಯಾಸಿನ ಆಸೆ ಬಿಡಿ.

ಬಾಟಲಿ ವಿಷಯದಲ್ಲಿ ಜಿಪುಣತನ ಬೇಡ. ಬಿಯರ್, ಶಾಂಪೇನ್ ಬಾಟಲಿಗಳು ಒತ್ತಡ ತಡೆಯುತ್ತವೆ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೂ ಆಗುತ್ತದೆ. ಮಾಮೂಲಿ ವೈನ್ ಬಾಟಲಿ, ಜ್ಯಾಮ್ ಬಾಟಲಿ, ಅಂದಕ್ಕೆಂದು ಮಾರುವ ಚೌಕ ಬಾಟಲಿ ಖಂಡಿತ ಬೇಡ. ತೊಳೆದು, ಸ್ಯಾನಿಟೈಸರ್ ಆಡಿಸಿ, ಮೇಲೆ ಒಂದು ಅಂಗುಲ ಖಾಲಿ ಬಿಟ್ಟು ತುಂಬಿ, ಮುಚ್ಚಳ ಬಿಗಿಯಿರಿ.

ಎಲ್ಲ ಗಾಜಿನದೇ ಆಗಿದ್ದರೂ ಒಂದು ಪ್ಲಾಸ್ಟಿಕ್ ಬಾಟಲಿ ತುಂಬಿಡಿ. ಮೊದಲ ದಿನ ಹಿಸುಕಿದರೆ ಒಳಗೆ ಹೋಗುತ್ತದೆ. ದಿನ ಕಳೆದಂತೆ ಬಿಗಿಯಾಗುತ್ತಾ, ಬೆರಳಿಗೆ ಬಗ್ಗದಷ್ಟು ಗಟ್ಟಿಯಾದಾಗ ಉಳಿದವೂ ಆಗಿವೆ ಎಂದರ್ಥ. 18ರಿಂದ 22 ಡಿಗ್ರಿಯ ಕೋಣೆಯಲ್ಲಿ ಇದಕ್ಕೆ ಸುಮಾರು ಎರಡು ವಾರ ಬೇಕು. ಅಷ್ಟು ದಿನವೂ ಬಾಟಲಿಗಳು ಮುಚ್ಚಿದ ಪೆಟ್ಟಿಗೆಯಲ್ಲಿರಲಿ, ಮಕ್ಕಳ ಕೈಗೆ ಸಿಗದ ಕಡೆ. ಆಮೇಲೆ ತಂಪಿಗೆ ಸಾಗಿಸಿ.

ಸಿಹಿ ಇಷ್ಟಪಡುವವರಿಗೆ ಒಂದು ತೊಡಕಿದೆ. ಬಾಟಲಿಗೆ ಹಾಕಿದ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ. ಎರಿಥ್ರಿಟಾಲ್‌ನಂಥ ಹುದುಗದ ಸಿಹಿಯನ್ನು ತುಂಬುವ ಮೊದಲೇ ಬೆರೆಸಬಹುದು. ನನ್ನ ಕೇಳಿದರೆ, ಕುಡಿಯುವಾಗ ಲೋಟಕ್ಕೆ ಒಂದಿಷ್ಟು ಸೇಬಿನ ರಸ ಸೇರಿಸುವುದೇ ಸುಲಭ.

ಮೊದಲ ಬಾಟಲಿಯನ್ನು ಚೆನ್ನಾಗಿ ತಣಿಸಿ, ಸಿಂಕಿನ ಮೇಲೆ ಹಿಡಿದು ತೆಗೆಯಿರಿ. ಉಕ್ಕಿ ಹರಿದರೆ ಉಳಿದವನ್ನೆಲ್ಲ ಅಂದೇ ಫ್ರಿಜ್ಜಿಗೆ ಹಾಕಿ, ಬೇಗ ಮುಗಿಸಿ.