ಮೊದಲ ಸುತ್ತಲ್ಲೇ ಸೋತವರಿಗೆ ಮುಂದೇನು?

ನಾನು ಮೊದಲ ಸಲ ಚೆಸ್ ಟೂರ್ನಮೆಂಟ್ ಮಾಡಿಸಿದಾಗ ಬಂದಿದ್ದು 16 ಜನ. ಲೆಕ್ಕ ಸುಲಭ ಅಂತ ನಾಕೌಟ್ ಇಟ್ಟೆ. ಮೊದಲ ಸುತ್ತು ಮುಗಿಯುತ್ತಿದ್ದಂತೆ ಎಂಟು ಜನ ಮನೆಗೆ ಹೊರಟರು. ಒಬ್ಬ ಹುಡುಗ ಹನ್ನೆರಡೇ ನಡೆಗಳಲ್ಲಿ ಸೋತಿದ್ದ. "ಇನ್ನೊಂದು ಆಟ ಇಲ್ವಾ ಅಂಕಲ್?" ಅಂದ. ಇರಲಿಲ್ಲ. ಸಾಲದ್ದಕ್ಕೆ ಮುಂದಿನ ಸುತ್ತಲ್ಲಿ ಎರಡು ಆಟ ಡ್ರಾ ಆದವು. ಆಗ ಯಾರನ್ನು ಮುಂದೆ ಕಳಿಸಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಹಾಗಾಗಿ ಈಗ ಮೊದಲು ನೋಡುವುದು ಎರಡೇ: ಎಷ್ಟು ಜನ, ಎಷ್ಟು ಹೊತ್ತು. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಹೆಚ್ಚುವರಿ ಕೊಟ್ಟರೆ 60 ನಡೆಯ ಆಟಕ್ಕೆ ಹೆಚ್ಚೆಂದರೆ 40 ನಿಮಿಷ. ಜೋಡಿ ಹಾಕಿ ಪಟ್ಟಿ ಅಂಟಿಸುವ ಹೊತ್ತು ಸೇರಿಸಿ ಸುತ್ತಿಗೆ 50 ನಿಮಿಷ ಇಟ್ಟುಕೊಳ್ಳಿ.

ಆರರಿಂದ ಎಂಟು ಜನ ಇದ್ದರೆ ಯೋಚನೆಯೇ ಬೇಡ, ರೌಂಡ್ ರಾಬಿನ್. ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ಎಂಟು ಜನಕ್ಕೆ 7 ಸುತ್ತು, 28 ಆಟ. ಯಾವ ಸುತ್ತಲ್ಲಿ ಯಾರಿಗೆ ಯಾರು ಜೋಡಿ ಅಂತ ಹೇಳುವ ಬರ್ಗರ್ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ತಲೆನೋವು ಒಂದೇ, ಯಾರಾದರೂ ನಡುವೆ ಎದ್ದು ಹೋಗುವುದು. ಅರ್ಧದಷ್ಟು ಆಟವನ್ನೂ ಆಡದೆ ಹೋದರೆ ಅವರ ಫಲಿತಾಂಶಗಳನ್ನು ಅಂತಿಮ ಲೆಕ್ಕಕ್ಕೆ ಹಿಡಿಯಬಾರದು. ಇಲ್ಲದಿದ್ದರೆ ಅವರನ್ನು ಮೊದಲೇ ಸೋಲಿಸಿದವರಿಗೆ ಸುಮ್ನೆ ಲಾಭ.

ಅದಕ್ಕಿಂತ ಜಾಸ್ತಿ ಜನ ಬಂದರೆ ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದದ್ದು. ಯಾರೂ ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಲ್ಲೂ ನಿಮ್ಮಷ್ಟೇ ಪಾಯಿಂಟ್ ಇರುವವರು ಎದುರಿಗೆ ಬರುತ್ತಾರೆ, ಒಮ್ಮೆ ಆಡಿದವರು ಮತ್ತೆ ಬರುವುದಿಲ್ಲ. ಎರಡು ಪಾಯಿಂಟಿನವರು ಎಂಟು ಜನ ಇದ್ದಾರೆ ಅನ್ನಿ. ರೇಟಿಂಗ್ (ಆಟದ ಬಲ ಹೇಳುವ ಅಂಕಿ) ಪ್ರಕಾರ ಸಾಲಾಗಿ ಬರೆದು ನಡುವೆ ಗೆರೆ ಎಳೆಯಿರಿ. ಒಂದನೆಯವರಿಗೆ ಐದನೆಯವರು, ಎರಡನೆಯವರಿಗೆ ಆರನೆಯವರು, ಹೀಗೆ. ಆಮೇಲೆ ಬಣ್ಣ ನೋಡಿ. ಸತತ ಮೂರು ಸಲ ಒಬ್ಬರಿಗೇ ಕಪ್ಪು ಬಂದರೆ ಜಗಳ ಗ್ಯಾರಂಟಿ. ಬೆಸ ಸಂಖ್ಯೆ ಇದ್ದರೆ ಪಟ್ಟಿಯ ಕೆಳಗಿನವರಿಗೆ ಬೈ, ಅಂದರೆ ಆ ಸುತ್ತು ಆಡದೆಯೇ ಪಾಯಿಂಟ್, ಆದರೆ ಒಬ್ಬರಿಗೆ ಎರಡು ಸಲ ಕೊಡಬೇಡಿ. ನಾನು ಮೊದಲು ಆಟಗಾರರಿಗೆ ಒಂದೊಂದು ಕಾರ್ಡ್ ಮಾಡಿ ಮೇಜಿನ ಮೇಲೆ ಹರಡಿಕೊಂಡು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದೆ. ಒಮ್ಮೆ ಫ್ಯಾನ್ ಗಾಳಿಗೆ ಎಲ್ಲ ಹಾರಿದ ಮೇಲೆ ಸಾಫ್ಟ್‌ವೇರ್‌ಗೆ ಬಂದೆ. ನೀವು ಅಲ್ಲಿಂದಲೇ ಶುರುಮಾಡಿ.

ಸುತ್ತುಗಳ ಲೆಕ್ಕ ಹೀಗೆ: 16 ಜನಕ್ಕೆ 4, 32ಕ್ಕೆ 5, 64ಕ್ಕೆ 6. ಡ್ರಾ ಆಗುತ್ತಲೇ ಇರುತ್ತವೆ, ಹೊತ್ತಿದ್ದರೆ ಒಂದು ಸುತ್ತು ಸೇರಿಸಿ. ಹತ್ತು ಜನಕ್ಕೆ ಏಳು ಸುತ್ತಿನ ಸ್ವಿಸ್ ಮಾತ್ರ ಇಡಬೇಡಿ. ಗಟ್ಟಿ ಆಟಗಾರರೆಲ್ಲ ಮೊದಲೇ ಎದುರಾಗಿಬಿಟ್ಟಿರುತ್ತಾರೆ, ಕೊನೆಯ ಸುತ್ತಲ್ಲಿ ಮೊದಲ ಸ್ಥಾನದವರಿಗೆ ಒಂಬತ್ತನೆಯವರು ಸಿಗುತ್ತಾರೆ. ಅದರಲ್ಲಿ ಮಜಾ ಏನಿದೆ?

ಪಾಯಿಂಟ್ ಸಮ ಆದಾಗ ಯಾರು ಮುಂದೆ ಅಂತ ತೀರ್ಮಾನಿಸುವ ಟೈ ಬ್ರೇಕ್ ನಿಯಮವನ್ನು ಮೊದಲ ಸುತ್ತಿಗೂ ಮುಂಚೆ ಗೋಡೆಗೆ ಅಂಟಿಸಿ. ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಟೂರ್ನಮೆಂಟ್ ಆದ 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ ಕಾರ್ಲ್‌ಸನ್, ಕ್ರಾಮ್ನಿಕ್ ಇಬ್ಬರಿಗೂ 8.5 ಪಾಯಿಂಟ್. ಗೆದ್ದ ಆಟ ಜಾಸ್ತಿ ಇದ್ದದ್ದರಿಂದ ಕಾರ್ಲ್‌ಸನ್ ಮುಂದೆ ಹೋದರು. ನಿಯಮ ಮೊದಲೇ ಗೊತ್ತಿತ್ತು, ಮಾತು ಮುಗಿಯಿತು. ಸ್ವಿಸ್‌ಗೆ ನಾನು ಬುಕ್‌ಹೋಲ್ಜ್ ಇಡುತ್ತೇನೆ, ಅಂದರೆ ನಿಮ್ಮ ಎದುರಾಳಿಗಳೆಲ್ಲ ಗಳಿಸಿದ ಪಾಯಿಂಟ್‌ಗಳ ಮೊತ್ತ. ಗಟ್ಟಿಯವರ ಜೊತೆ ಆಡಿದವರಿಗೆ ಬೆಲೆ ಸಿಗಬೇಕು, ಅಲ್ವಾ?

ಫೈನಲ್ ಬೇಕೇ ಬೇಕು ಅನ್ನುವವರಿಗೆ: ಸ್ವಿಸ್ ಮುಗಿಸಿ, ಮೊದಲ ನಾಲ್ವರಿಗೆ ಮಾತ್ರ ನಾಕೌಟ್ ಇಡಿ. ಡ್ರಾ ಆದರೆ ಎರಡು ಬ್ಲಿಟ್ಜ್ ಆಟ, ಅಂದರೆ ಕೆಲವೇ ನಿಮಿಷಗಳ ವೇಗದ ಆಟ. ಆಗಲೂ ಸಮ ಆದರೆ ಆರ್ಮಗೆಡ್ಡಾನ್, ಒಂದೇ ಆಟದಲ್ಲಿ ತೀರ್ಮಾನ. ಬಿಳಿಗೆ 5 ನಿಮಿಷ, ಕಪ್ಪಿಗೆ 4, ಡ್ರಾ ಆದರೆ ಕಪ್ಪೇ ಗೆದ್ದಂತೆ. ಹೋದ ಸಲ ಅದಕ್ಕೆ ಟಾಸ್ ಹಾಕುವ ಹೊತ್ತಿಗೆ ಬೋರ್ಡಿನ ಸುತ್ತ ಜಾಗವೇ ಇರಲಿಲ್ಲ. ಬೆಳಿಗ್ಗೆ ಮೊದಲ ಆಟ ಸೋತವರೂ ಕುರ್ಚಿ ಹತ್ತಿ ನಿಂತಿದ್ದರು.