ಅಲಿಬಾಗ್‌ನ ಇಳಿತದಲ್ಲಿ ನಿಧಿ ಬೇಟೆ: 19 ನಿಮಿಷದ ಸಾಹಸ ಚಿತ್ರ ಮಾಡಿದ ಬಗೆ

ಸಾಹಸ ಚಿತ್ರಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು, ನಮ್ಮ ಡೊಂಬಿವಲಿಯ ನಾಟಕದ ತಂಡಕ್ಕೆ ಅದು ಆಗದ ಮಾತು ಎಂದವರೇ ಹೆಚ್ಚು. ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಚಿತ್ರ ತೋರಿಸಿದ ದಿನ 19 ನಿಮಿಷವೂ ಯಾರೂ ಮೊಬೈಲ್ ಹೊರಗೆ ತೆಗೆಯಲಿಲ್ಲ. ಒಟ್ಟು ಖರ್ಚು ಎರಡು ಲಕ್ಷದ ಒಳಗೆ, ಅದರಲ್ಲಿ 70 ಸಾವಿರದಷ್ಟು ಮೊದಲ ಸೋಲಿಗೆ ಹೋದದ್ದು.

ಮೊದಲ ಸೋಲು ಕಥೆಯದೇ. ಗೂಢಚಾರನೂ ಇದ್ದ, ನಿಧಿಯ ನಕ್ಷೆಯೂ ಇತ್ತು, ಕಾಡಿನಲ್ಲಿ ದಾರಿ ತಪ್ಪಿ ಬದುಕುಳಿಯುವುದೂ ಇತ್ತು. ಒಂದೊಂದು ಬಗೆಯ ಸಾಹಸ ಚಿತ್ರವೂ ನೋಡುವವರನ್ನು ಒಂದೊಂದು ವಿಷಯಕ್ಕೆ ಕಾಯಿಸುತ್ತದೆ. ಗೂಢಚಾರನ ಕಥೆಯಲ್ಲಿ ಸುಳ್ಳು ಹೇಳುತ್ತಿರುವವನು ಯಾರು ಎಂದು ಕಾಯುತ್ತೇವೆ. ನಿಧಿ ಬೇಟೆಯಲ್ಲಿ ಸುಳಿವಿನ ಅರ್ಥ ಏನು ಎಂದು, ಬದುಕುಳಿಯುವ ಕಥೆಯಲ್ಲಿ ಮೈ ತಾಳುತ್ತದೆಯೇ ಎಂದು, ಕತ್ತಿವರಸೆಯ ಕಥೆಯಲ್ಲಿ ಆ ಇಬ್ಬರು ಎದುರುಬದುರು ನಿಲ್ಲುವುದು ಯಾವಾಗ ಎಂದು. ಎರಡೂವರೆ ಗಂಟೆಯ ಚಿತ್ರ ಇವನ್ನು ಬೆರೆಸಿ ದಕ್ಕಿಸಿಕೊಳ್ಳಬಹುದು, 19 ನಿಮಿಷದ್ದು ಆಗದು. ಕನ್ನಡದಲ್ಲಿ 1968ರಲ್ಲಿ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಲ್ಲೂ ಹಾಡು, ಹೊಡೆದಾಟ, ಪ್ರೇಮ ಎಲ್ಲ ಇದ್ದರೂ ಕಥೆ ಗೂಢಚಾರನದೇ.

ನಾವು ನಿಧಿ ಬೇಟೆಯನ್ನೇ ಉಳಿಸಿಕೊಂಡೆವು. ಅದಕ್ಕೆ ಕಂಡುಕೊಂಡ ಪರೀಕ್ಷೆ ಸುಲಭದ್ದು. ಪ್ರತಿ ದೃಶ್ಯದ ಪಕ್ಕದಲ್ಲಿ ‘ದಾರಿಗೆ ಅಡ್ಡ ನಿಂತದ್ದು ಯಾವುದು?’ ಎಂದು ಒಂದೇ ಸಾಲು ಬರೆಯುವುದು. ಸುಳಿವು, ಬೀಗ, ನೀರು ಎಂದು ಬಂದರೆ ದೃಶ್ಯ ಉಳಿಯಿತು. ನಕಲಿ ಗುರುತಿನ ಚೀಟಿ, ಹಸಿವು ಎಂದು ಬಂದರೆ ಹೋಯಿತು. 31 ದೃಶ್ಯಗಳಲ್ಲಿ 12 ಉಳಿದವು. ಬೆಂಗಾವಲಿಗೊಬ್ಬ ಗೆಳೆಯ, ಮೊದಲ ಎರಡು ನಿಮಿಷದಲ್ಲೇ ಕೈಗೆ ಸಿಗುವ ತಾಮ್ರದ ಕೀಲಿಕೈ, ನಾಯಕನಷ್ಟೇ ಬುದ್ಧಿಯಿದ್ದು ಅದೇ ವಸ್ತುವಿಗೆ ಬಿದ್ದಿರುವ ಎದುರಾಳಿ: ಈ ಕಟ್ಟುಪಾಡುಗಳನ್ನು ಮುಟ್ಟಲಿಲ್ಲ. ಎದುರಾಳಿ ಪೆದ್ದನಾದರೆ ಬೆನ್ನಟ್ಟುವ ದೃಶ್ಯ ಸತ್ತಂತೆ.

ಉಳಿದದ್ದು ಗಡುವು. ಟಿಕ್ ಟಿಕ್ ಎನ್ನುವ ಬಾಂಬು ನೋಡಿ ನೋಡಿ ಸಾಕಾಗಿದೆ. ಅಲಿಬಾಗ್‌ನ ಕಡಲೊಳಗಿನ ಕುಲಾಬಾ ಕೋಟೆಗೆ ನೀರು ಇಳಿದಾಗ ನಡೆದೇ ಹೋಗಬಹುದು, ಏರಿದರೆ ದಾರಿ ಮುಚ್ಚುತ್ತದೆ. ಅಂಥ ಗಡುವು ಪುಕ್ಕಟೆ ಸಿಕ್ಕಿದ ಹಾಗೆ. ಕೋಟೆಯೊಳಗೆ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕೋಟೆಯನ್ನು ಹಿನ್ನೆಲೆಗೆ ಬಿಟ್ಟು ಮರಳಿನ ಮೇಲಷ್ಟೇ ತೆಗೆದೆವು. ಅದಕ್ಕೂ ಸ್ಥಳೀಯ ಅನುಮತಿ ಕೈಯಲ್ಲಿರಲಿ.

ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ತಗ್ಗಿನ ನೀರು (ಇಳಿತದ ಕೊನೆ) ಬೆಳಿಗ್ಗೆ ಆರು ಮತ್ತು ಸಂಜೆ ಆರರ ಹತ್ತಿರ ಬರುತ್ತದೆ. ಅಂದರೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಆಸುಪಾಸಿನಲ್ಲೇ. ಅಷ್ಟಮಿಯ ಸುಮಾರಿಗೆ ಅದು ನಡುಹಗಲಿಗೆ ಜರುಗುತ್ತದೆ, ನೀರೂ ಪೂರ್ತಿ ಇಳಿಯುವುದಿಲ್ಲ. ಒಂದು ಸಲ ಹಾಗೆ ಹೋಗಿ ವ್ಯಾನಿನ ಬಾಡಿಗೆ, ಊಟ, ಕ್ಯಾಮೆರಾ ಬಾಡಿಗೆ ಸೇರಿ 11 ಸಾವಿರ ನೀರುಪಾಲಾಯಿತು. ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಉಬ್ಬರ ಇಳಿತದ ಪಟ್ಟಿಯಲ್ಲಿ ಸಮಯದ ಜೊತೆ ನೀರಿನ ಮಟ್ಟದ ಮೀಟರ್ ಕೂಡ ನೋಡಬೇಕು, ಟಾಂಗಾವಾಲಾ ಹೇಳುವ ‘ಓಹೋಟಿ’ಯ (ಮರಾಠಿಯಲ್ಲಿ ಇಳಿತ) ಹೊತ್ತನ್ನೂ ಕೇಳಬೇಕು.

ನೀರು ಒಂದೇ ಸಮನೆ ಏರುವುದೂ ಇಲ್ಲ. ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ಸುರಕ್ಷತೆಗೆ ಈ ಲೆಕ್ಕ ಗಟ್ಟಿಯಾಗಿ ಹಿಡಿಯಿರಿ. ತಗ್ಗಿನ ನೀರು ಮುಗಿದು ಒಂದು ಗಂಟೆಯೊಳಗೆ ನಮ್ಮವರೆಲ್ಲ ದಡ ಸೇರುತ್ತಿದ್ದರು. ಎಡಿಟಿಂಗ್‌ನಲ್ಲೂ ಇದೇ ಲೆಕ್ಕ ಇಟ್ಟೆ: ಮೊದಲ ಭಾಗದ ಶಾಟ್‌ಗಳು ಉದ್ದ, ನಡುವಿನವು ತೀರ ಗಿಡ್ಡ, ಕೊನೆಗೆ ಮತ್ತೆ ಉದ್ದ. ಬೆನ್ನಟ್ಟುವಿಕೆಯ ಉಸಿರು ಆಗ ತಾನಾಗಿ ಕೂತಿತು.

ಹೆಚ್ಚು ಕಾಡಿದ್ದು ಬಂಡೆಯ ಶಾಟ್. ಒಂದೇ ಬಂಡೆ ಸ್ವಲ್ಪ ಸ್ವಲ್ಪವಾಗಿ ಮುಳುಗುವುದನ್ನು ನಡುನಡುವೆ ತೋರಿಸಬೇಕಿತ್ತು. ಒಂದೇ ಬೆಳಿಗ್ಗೆ ಕಾಲು ಗಂಟೆಗೊಮ್ಮೆ ತೆಗೆದರೆ ನೆರಳು ಸರಿದು, ಕಥೆಯ 40 ನಿಮಿಷ ಅರ್ಧ ದಿನದಂತೆ ಕಂಡಿತು. ಪರಿಹಾರ ಸಿಕ್ಕಿದ್ದು ಪಟ್ಟಿಯಲ್ಲೇ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತದೆ. ಟ್ರೈಪಾಡ್‌ನ ಮೂರು ಕಾಲಿಗೂ ಗೂಟ ಹೊಡೆದು ಗುರುತಿಟ್ಟು, ಮೂರು ದಿನವೂ ಎಂಟೂವರೆಗೇ ತೆಗೆದೆವು. ಇಳಿತ ಮೊದಲ ದಿನ ಆರಕ್ಕಿದ್ದರೆ ಎಂಟೂವರೆಗೆ ಬಂಡೆ ಅರ್ಧ ಮುಳುಗಿರುತ್ತದೆ. ಮರುದಿನ ಕಡಿಮೆ, ಮೂರನೆಯ ದಿನ ಬುಡ ಮಾತ್ರ ಒದ್ದೆ. ಬೆಳಕು ಅದೇ, ನೀರು ಬೇರೆ. ದಿನಗಳನ್ನು ತಿರುವುಮುರುವಾಗಿ ಜೋಡಿಸಿದರೆ ನೀರು ಏರುತ್ತದೆ. ಮೋಡ ಬಂದರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸಿ.

ಬೆನ್ನಟ್ಟಲು ಕಾರು ಬೇಕಾಗಲಿಲ್ಲ. ಪ್ರವಾಸಿಗರನ್ನು ಕೋಟೆಗೆ ಒಯ್ಯುವ ಕುದುರೆ ಟಾಂಗಾಗಳಿವೆ. ಎರಡನ್ನು ದಿನಕ್ಕೆ ಎರಡೂವರೆ ಸಾವಿರದಂತೆ ಹಿಡಿದೆವು. ಕುದುರೆಯನ್ನು ಓಡಿಸಲೇ ಇಲ್ಲ, ಒದ್ದೆ ಮರಳಿನಲ್ಲಿ ಸಾಧಾರಣ ನಡಿಗೆಗಿಂತ ಸ್ವಲ್ಪ ಚುರುಕು ಅಷ್ಟೆ. ವೇಗ ಬಂದದ್ದು ಕ್ಯಾಮೆರಾದಿಂದ: ಸೆಕೆಂಡಿಗೆ 25 ಫ್ರೇಮಿನ ಚಿತ್ರಕ್ಕೆ 22ರಲ್ಲಿ ತೆಗೆದರೆ ಶೇ. 14ರಷ್ಟು ಚುರುಕು ಕಾಣುತ್ತದೆ. 18ಕ್ಕೆ ಇಳಿಸಿದಾಗ ಮೂಕಿ ಚಿತ್ರದ ಹಾಸ್ಯವಾಯಿತು. ಷಟರ್ 1/50 ಸೆಕೆಂಡು ಇಟ್ಟರೆ ಚಿಮ್ಮುವ ನೀರು ಬರೀ ಮಂಜು, 1/100ರಲ್ಲಿ ಹನಿಗಳು ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ಹೋಗುವಾಗ ಇಬ್ಬರೂ ಎಡದಿಂದ ಬಲಕ್ಕೆ, ಮರಳುವಾಗ ಬಲದಿಂದ ಎಡಕ್ಕೆ. ಇದು ತಪ್ಪಿದ ಆರು ಶಾಟ್ ಕಸಕ್ಕೆ ಹೋದವು.

1935ರ ‘ಹಂಟರ್‌ವಾಲಿ’ಯ ನಾಯಕಿ ನಾಡಿಯಾ ತಮ್ಮ ಸಾಹಸಗಳನ್ನು ತಾವೇ ಮಾಡುತ್ತಿದ್ದರು. ಪರೇಲಿನ ವಾಡಿಯಾ ಮೂವಿಟೋನ್ ಸ್ಟುಡಿಯೋ ಕಟ್ಟಿದ ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವ. ಆದರೂ ನಮ್ಮ ಹುಡುಗರನ್ನು ಆರು ಅಡಿಗಿಂತ ಮೇಲಿಂದ ಹಾರಿಸಲಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎರಡು ಸಾಲು ಜೋಡಿಸಿ, ಸುತ್ತ ಹಗ್ಗ ಬಿಗಿದು, ಮೇಲೆ ಹಾಸಿಗೆ. ಒಮ್ಮೆ ಬಿದ್ದ ಪೆಟ್ಟಿಗೆ ಮತ್ತೆ ಬಳಸಬೇಡಿ, ಒಳಗೆ ಮಡಿದಿರುತ್ತದೆ.

ಚೆಂಡೆಯ ಪ್ರಯೋಗವೊಂದು ಮಾಡಿದೆವು. ಮುಂಬಯಿಯಲ್ಲಿ ಯಕ್ಷಗಾನದ ಕಲಾವಿದರಿಗೆ ಕೊರತೆಯಿಲ್ಲ. ಯುದ್ಧದ ಪದ್ಯದ ವೇಗದಲ್ಲಿ ನಾಲ್ಕು ನಿಮಿಷ ಬಾರಿಸಲು ಹೇಳಿ ಹಾಕಿದರೆ ಗೊರಸಿನ ಸದ್ದು, ಅಲೆ ಎಲ್ಲ ಮುಚ್ಚಿಹೋಯಿತು. ಕೊನೆಗೆ ಉಳಿಸಿದ್ದು ಮೂರು ಕಡೆ, ಬಂಡೆ ಕಾಣಿಸಿದಾಗ ಮಾತ್ರ, ಐದೈದು ಸೆಕೆಂಡು. ಈಗ ಆ ಪೆಟ್ಟು ಬಿದ್ದ ಕೂಡಲೆ ನೀರು ಎಷ್ಟು ಏರಿತು ಎಂದು ಎಲ್ಲರೂ ನೋಡುತ್ತಾರೆ.

ಉಡುಪು ಒಬ್ಬೊಬ್ಬರಿಗೆ ಮೂರು ಜೊತೆ: ಒಣಗಿದ್ದು, ಮೊಣಕಾಲವರೆಗೆ ಒದ್ದೆ, ಪೂರ್ತಿ ಒದ್ದೆ. ಎಸಿ ಕೋಣೆಯಿಂದ ಲೆನ್ಸ್ ನೇರ ದಡಕ್ಕೆ ತಂದರೆ ಮಂಜು ಕಟ್ಟುತ್ತದೆ, ಅರ್ಧ ಗಂಟೆ ಚೀಲದೊಳಗೇ ಇರಲಿ. ಫೋಕಸ್ ರಿಂಗಿಗೆ ಮರಳು ಸೇರಿ ರಿಪೇರಿಗೆ ಏಳು ಸಾವಿರ ತೆತ್ತೆವು. ಟ್ರೈಪಾಡನ್ನು ಅದೇ ದಿನ ಸಿಹಿನೀರಲ್ಲಿ ತೊಳೆಯದಿದ್ದರೆ ವಾರದಲ್ಲಿ ತಿರುಪು ಕಚ್ಚಿಕೊಳ್ಳುತ್ತದೆ.

ನೆಲಮಾಳಿಗೆಗೆ ನೀರು ನುಗ್ಗುವ ದೃಶ್ಯ ಭಿವಂಡಿಯ ಗೋದಾಮಿನದು. ಅಲ್ಲಿ ನೀರು ನಾಲ್ಕು ಬೆರಳಿಗಿಂತ ಆಳ ಇರಲಿಲ್ಲ. ಕಪ್ಪು ಪ್ಲಾಸ್ಟಿಕ್ ಹಾಸು, ನೀರು ತುಂಬಿದ ಅಗಲ ತಟ್ಟೆಯಿಂದ ಗೋಡೆಗೆ ಚಿಮ್ಮಿಸಿದ ಬೆಳಕು, ನೆಲದ ಮಟ್ಟದಲ್ಲಿ ಕ್ಯಾಮೆರಾ: ಇಷ್ಟು ಹೇಳಬಲ್ಲೆ. ಮಟ್ಟ ಎದೆಯವರೆಗೆ ಏರಿದಂತೆ ಕಾಣಿಸಿದ್ದು ಹೇಗೆ ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ, ಮುಂದಿನ ಚಿತ್ರದಲ್ಲೂ ಅದು ಬೇಕು.