ಕಬ್ಬಿನ ರವದಿಯಿಂದ ಇದ್ದಿಲು: ಥೇವೂರಿನ ಹೊಲದಲ್ಲಿ ನಾವು ಮಾಡಿದ್ದು

ಒಂದು ಹೆಕ್ಟೇರ್ ಕಬ್ಬು ಕಡಿದರೆ ಸುಮಾರು 10 ಟನ್ ರವದಿ, ಅಂದ್ರೆ ಕಬ್ಬಿನ ಒಣ ಎಲೆ, ಬೀಳುತ್ತದೆ. ದನ ಮೂಸಿ ನೋಡಲ್ಲ, ಬೇಗ ಕೊಳೆಯೋದೂ ಇಲ್ಲ. ಪುಣೆ ಸುತ್ತ ತುಂಬಾ ಜನ ಕಡ್ಡಿ ಗೀರಿ ಕೈತೊಳೆದುಕೊಳ್ಳುತ್ತಾರೆ. ಥೇವೂರಿನ ಹತ್ತಿರ ನಮ್ಮ ಭಾವ ಕಬ್ಬು ಬೆಳೆಯುತ್ತಾರೆ. "ಭಾವ, ಸುಮ್ನೆ ಸುಡೋ ಬದಲು ಇದ್ದಿಲು ಮಾಡೋಣ" ಅಂದೆ. ಪುಣೆಯಲ್ಲಿ ಇದು ಹೊಸದಲ್ಲ. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ, ಆನಂದ ಕರ್ವೆಯವರ ಆರ್ಟಿ ಸಂಸ್ಥೆಗೆ ಇದೇ ಕೆಲಸಕ್ಕೆ 2002ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂದಿತ್ತು.

ಹೊಲದಲ್ಲೇ ಇಟ್ಟಿಗೆ ಒಲೆ ಕಟ್ಟಿದೆವು. ರವದಿ ಹತ್ತಿಯಷ್ಟು ಹಗುರ, ಟ್ರ್ಯಾಕ್ಟರಿಗೆ ಹೇರಿ ಊರಿಗೆ ತಂದರೆ ಡೀಸೆಲ್ ದುಡ್ಡೂ ಹುಟ್ಟಲ್ಲ. ತಗಡಿನ ಡಬ್ಬಗಳಿಗೆ ಒಣ ರವದಿ ಒತ್ತಿ ತುಂಬಿ, ತೂತಿರುವ ಮುಚ್ಚಳ ಹಾಕಿ, ಒಲೆಯೊಳಗೆ ಇಟ್ಟು ಕೆಳಗೆ ರವದಿಯನ್ನೇ ಉರಿಸಬೇಕು. ಮೊದಲು ಬಿಳಿ ಹಬೆ ಬರುತ್ತದೆ, ಅದು ಬರೀ ನೀರು. ಆಮೇಲೆ ಗಂಟಲು ಕೆರೆಯುವ ಹಳದಿ ಹೊಗೆ. ಅದು ಹೊತ್ತುವ ಅನಿಲ. ತೂತಿನ ಬಾಯಲ್ಲೇ ಭಗ್ ಅಂತ ಹತ್ತಿಕೊಂಡು ಡಬ್ಬವನ್ನು ತಾನೇ ಕಾಯಿಸುತ್ತದೆ. ಆಗ ಕೆಳಗಿನ ಉರಿ ಕಡಿಮೆ ಸಾಕು. ತೂತಿನ ಜ್ವಾಲೆ ಆರಿತು ಅಂದ್ರೆ ಒಳಗೆ ಇದ್ದಿಲಾಯಿತು ಅಂತಲೇ.

ಬಿಸಿ ಡಬ್ಬ ತೆರೆಯಬೇಡಿ. ಗಾಳಿ ತಾಗಿದರೆ ಎಲ್ಲ ಬೂದಿ. ಪೂರ್ತಿ ತಣಿದ ಮೇಲೆ ನೋಡಿ, ಎಲೆಯ ಗೀರೂ ಕಾಣುವ ಕಪ್ಪು ಗರಿಗಳು, ಮುಟ್ಟಿದರೆ ಪುಡಿ. ಹಾಕಿದ ತೂಕದ ಕಾಲು ಭಾಗ ಸಿಕ್ಕರೆ ಚೆನ್ನಾಗಿ ಬಂತು ಅನ್ನಿ.

ನಿಜವಾದ ಕೆಲಸ ಆಮೇಲಿದೆ, ಈ ಪುಡಿಯನ್ನು ಗಟ್ಟಿ ತುಂಡು ಮಾಡೋದು. 10 ಕೆಜಿ ಪುಡಿಗೆ ಅರ್ಧದಿಂದ 1 ಕೆಜಿ ಮೈದಾ ಗಂಜಿ ಕಾಸಿ ಕಲಸುತ್ತೇವೆ. ಅಂಟಿಗೆ ಸಗಣಿ ಹಾಕಿದರೆ ಪುಕ್ಕಟೆ, ಆದರೆ ಬೂದಿ ಜಾಸ್ತಿ. ಹದ ನೋಡೋದು ನಮ್ಮಕ್ಕನೇ. ಮುಷ್ಟಿಯಲ್ಲಿ ಹಿಸುಕಿದಾಗ ಬೆರಳ ಸಂದಿಯಿಂದ ನೀರಿಳಿಯಬಾರದು, ಕೈ ಬಿಚ್ಚಿದರೆ ಉಂಡೆ ಬಿರಿಯಬಾರದು. ಪೈಪಿನ ತುಂಡಿನಲ್ಲಿ ಒತ್ತಿ ತೆಗೆದು ಬಿಸಿಲಿಗೆ ಹರಡುತ್ತೇವೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಒಂದನ್ನು ಮುರಿದು ನೋಡಲೇಬೇಕು.

ಪುಣೆಯ ಹಡಪ್ಸರದಲ್ಲಿ ಜೋಳದ ತೆನೆ ಸುಡುವವರು ಕೊಳ್ಳುತ್ತಾರೆ, ಹೊಗೆ ಕಡಿಮೆ ಅಲ್ವಾ. ಕೂಲಿ ಕೊಟ್ಟು ಮಾಡಿಸಿದರೆ ಉಳಿಯೋದು ಅಷ್ಟಕ್ಕಷ್ಟೇ, ಮನೆಯವರೇ ನಿಂತರೆ ಪರವಾಗಿಲ್ಲ. ಇನ್ನು ಕೂಳೆ ಬೆಳೆ (ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬು) ಬಿಡುವ ಹೊಲದ ರವದಿಯನ್ನು ನಾವು ಮುಟ್ಟಲ್ಲ. ಸಾಲಿನ ನಡುವೆ ಹಾಸಿದರೆ ತೇವ ನಿಲ್ಲುತ್ತದೆ, ಕಳೆಯೂ ಏಳಲ್ಲ. ಬೇರು ಕಿತ್ತು ಬೇರೆ ಬೆಳೆ ಹಾಕುವ ಹೊಲದ್ದಷ್ಟೇ ಒಲೆಗೆ.

ಕೊಳ್ಳುವವರಿಗೆಲ್ಲ ಒಂದು ಮಾತು ಹೇಳಿಯೇ ಕೊಡುತ್ತೇವೆ: ಹೊಗೆ ಇಲ್ಲ ಅಂತ ಬಾಗಿಲು ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣಲ್ಲ, ವಾಸನೆಯೂ ಇಲ್ಲ.